ಏಸಿಯ ಕಮಟು ವಾಸನೆಗೆ ಸುಗಂಧ ಮದ್ದಲ್ಲ

ಮುಂಗಾರು ಹಿಡಿದ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಾರುಗಳಲ್ಲಿ ಏಸಿ ಹಚ್ಚಿದ ಕೂಡಲೇ ಹುಳಿ ಬೆರೆತ ಕಮಟು ವಾಸನೆಯೊಂದು ಮೂಗಿಗೆ ಬಡಿಯುತ್ತದೆ. ಹೆಚ್ಚಿನವರು ಇದಕ್ಕೆ ಮಾಡುವ ಮೊದಲ ಉಪಾಯವೆಂದರೆ ಡ್ಯಾಶ್‌ಬೋರ್ಡಿನ ಮೇಲೊಂದು ಸುಗಂಧದ ಡಬ್ಬಿ ಇಡುವುದು. ಅದು ಸಾಲದಿದ್ದರೆ ಗ್ಯಾರೇಜಿಗೆ ಹೋಗಿ ಗ್ಯಾಸ್ ತುಂಬಿಸುವುದು. ಈ ಎರಡೂ ಉಪಾಯಗಳು ವಾಸನೆಯ ಮೂಲವನ್ನು ಮುಟ್ಟುವುದಿಲ್ಲ. ವಾಸನೆ ಹುಟ್ಟುವುದು ಏಸಿ ಓಡುವಾಗ ಅಲ್ಲ, ಅದು ನಿಂತ ಮೇಲೆ. ಕಾರು ಮನೆಮುಂದೆ ನಿಂತು, ಕೀಲಿ ಜೇಬಿಗೆ ಸೇರಿದ ಮೇಲೆ, ಡ್ಯಾಶ್‌ಬೋರ್ಡಿನ ಒಳಗೆ ಕತ್ತಲಲ್ಲಿ ಉಳಿದ ನೀರು ರಾತ್ರಿಯಿಡೀ ಮಾಡುವ ಕೆಲಸ ಅದು. ಆದ್ದರಿಂದ ಏಸಿಯನ್ನು ಹೇಗೆ ಹಚ್ಚುತ್ತೇವೆ ಎನ್ನುವುದಕ್ಕಿಂತ ಹೇಗೆ ಆರಿಸುತ್ತೇವೆ ಎನ್ನುವುದೇ ಇಲ್ಲಿ ಮುಖ್ಯ.

ಆ ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡೋಣ. ಡ್ಯಾಶ್‌ಬೋರ್ಡಿನ ಹಿಂದೆ, ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ ಎಡಗಡೆಯ ಸೀಟಿನ ಎದುರಿಗೆ, ಇವ್ಯಾಪೊರೇಟರ್ ಎಂಬ ಅಲ್ಯೂಮಿನಿಯಂ ಜಾಲರಿ ಇರುತ್ತದೆ. ಗ್ಯಾರೇಜಿನವರು ಕೂಲಿಂಗ್ ಕಾಯಿಲ್ ಎನ್ನುವುದು ಇದನ್ನೇ. ಫ್ಯಾನು ದೂಡಿದ ಗಾಳಿ ಇದರ ತೆಳುವಾದ ಪದರಗಳ ನಡುವೆ ಹಾಯ್ದು ತಣ್ಣಗಾಗುತ್ತದೆ, ತಣ್ಣಗಾದಾಗ ಅದರೊಳಗಿನ ತೇವ ಹನಿಗಟ್ಟಿ ಜಾಲರಿಗೆ ಅಂಟುತ್ತದೆ. ಇದರ ಲೆಕ್ಕ ಹಾಕಿ ನೋಡಿದರೆ ಋತುವಿನ ವ್ಯತ್ಯಾಸ ಬೆರಗು ಹುಟ್ಟಿಸುತ್ತದೆ. ಏಪ್ರಿಲ್‌ನ ಒಣ ಮಧ್ಯಾಹ್ನ 38 ಡಿಗ್ರಿ ಸೆಖೆ, ಶೇ 20ರ ತೇವಾಂಶ ಎಂದು ಹಿಡಿದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 9 ಗ್ರಾಂ ನೀರಿನ ಆವಿ ಇರುತ್ತದೆ. 8 ಡಿಗ್ರಿಗೆ ತಂಪಾದ ಗಾಳಿ 8 ಗ್ರಾಂಗಿಂತ ತುಸು ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. ಹಾಗಾಗಿ ಜಾಲರಿಯ ಮೇಲೆ ಬೀಳುವ ನೀರು ಹೆಚ್ಚೆಂದರೆ 1 ಗ್ರಾಂ. ಅದೇ ಜುಲೈಯಲ್ಲಿ 26 ಡಿಗ್ರಿ, ಶೇ 85ರ ತೇವಾಂಶ ಎಂದಿಟ್ಟುಕೊಳ್ಳಿ. ಪ್ರತಿ ಘನ ಮೀಟರ್ ಗಾಳಿಯೂ 12 ಗ್ರಾಂನಷ್ಟು ನೀರನ್ನು ಜಾಲರಿಯ ಮೇಲೆ ಬಿಟ್ಟು ಹೋಗುತ್ತದೆ. ಗಂಟೆಗೆ 100 ಘನ ಮೀಟರ್ ಹೊರಗಾಳಿ ಹಾಯ್ದರೂ ಒಂದು ಲೀಟರ್‌ಗಿಂತ ಹೆಚ್ಚು ನೀರು. ಬೇಸಿಗೆಯಲ್ಲಿ ದಿನವಿಡೀ ಏಸಿ ಓಡಿಸಿದರೂ ಬಾರದ ವಾಸನೆ, ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲೆಂದು ಹತ್ತು ನಿಮಿಷ ಹಚ್ಚಿದರೆ ಬರುವುದು ಇದಕ್ಕೇ.

ನೀರೊಂದೇ ನಾರುವುದಿಲ್ಲ, ಅದಕ್ಕೆ ಜೊತೆಯಾಗಿ ಕೊಳೆಯೂ ಬೇಕು. ಈ ಮೂರೂ ತಾಲ್ಲೂಕುಗಳಲ್ಲಿ ಕೊಳೆಯ ದಾಸ್ತಾನು ಮಳೆಗಾಲಕ್ಕೆ ಮುಂಚೆಯೇ ಆಗಿರುತ್ತದೆ. ಘಟಪ್ರಭೆಯ ನೀರು ಕಬ್ಬನ್ನು ತಂದಿದೆ, ಕಬ್ಬಿನ ಬೆನ್ನಿಗೆ ಟ್ರ್ಯಾಕ್ಟರುಗಳು ಬಂದಿವೆ. ಕಬ್ಬು ನುರಿಸುವ ಹಂಗಾಮಿನ ತಿಂಗಳುಗಳಲ್ಲಿ ರಸ್ತೆಯ ಮೇಲೆ ಎರೆಮಣ್ಣಿನ ಹುಡಿ, ಕಬ್ಬಿನ ರವದಿ ಸುಟ್ಟ ಕರಿ, ಹೊಟ್ಟಿನ ನಾರು ಏಳುತ್ತಲೇ ಇರುತ್ತವೆ. ಕಾರಿನ ಫಿಲ್ಟರ್ ತಡೆಯಲಾರದ ಸಣ್ಣ ಕಣಗಳು ಒಣ ಜಾಲರಿಯ ಮೇಲೆ ಕೂತು ಕಾಯುತ್ತವೆ. ಜೂನ್‌ನಲ್ಲಿ ತೇವ ಬಿದ್ದಾಗ ಅವು ತೆಳುವಾದ ಲೋಳೆಯಾಗುತ್ತವೆ. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಸೂಕ್ಷ್ಮಜೀವಿ ತಜ್ಞರು ಕಾರುಗಳ ಏಸಿ ಜಾಲರಿಗಳನ್ನು ಪರೀಕ್ಷಿಸಿದಾಗ ಮೆಥೈಲೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕುಲ ಅಲ್ಲಿ ಬೇರೂರಿದ್ದು ಕಂಡಿತು. ಗಿಡಗಳ ಎಲೆಯ ಮೇಲೆ, ಮಣ್ಣಿನಲ್ಲಿ ಸಹಜವಾಗಿ ಬದುಕುವ ಜೀವಿ ಇದು. ಕಬ್ಬಿನ ನಾಡಿನ ಗಾಳಿಯಲ್ಲಿ ಇಂಥವಕ್ಕೆ ಬರವಿಲ್ಲ. ಇವೂ ಬೂಷ್ಟೂ ಸೇರಿ ಜಾಲರಿಯ ಮೇಲೆ ಕಟ್ಟುವ ಪದರವೇ ವಾಸನೆಯ ಕಾರ್ಖಾನೆ. ಮಳೆಗಾಲದಲ್ಲಿ ಮನೆಯೊಳಗೆ ಹರವಿದ ಬಟ್ಟೆ ಬೇಗ ಒಣಗದೆ ಮುಗ್ಗಲು ಹಿಡಿಯುವಂತೆಯೇ ಇದೂ. ಅಲ್ಲಿಯೂ ತಪ್ಪು ನೀರಿನದಲ್ಲ, ನೀರು ಉಳಿದ ಹೊತ್ತಿನದು.

ಈ ವಾಸನೆಗೆ ಇನ್ನೊಂದು ಲಕ್ಷಣವಿದೆ. ಏಸಿ ಹಚ್ಚಿದ ಮೊದಲ ನಿಮಿಷದಲ್ಲಿ ಅದು ಜೋರಾಗಿರುತ್ತದೆ, ಆಮೇಲೆ ಇಳಿಯುತ್ತದೆ. ಹೊಸ ನೀರು ಜಾಲರಿಗೆ ತಗುಲಿದಾಗ ಅಲ್ಲಿ ಹಿಡಿದುಕೊಂಡಿದ್ದ ವಾಸನೆಯ ಅಣುಗಳು ಒಮ್ಮೆಲೇ ಬಿಡುಗಡೆಯಾಗುವುದು ಒಂದು ಕಾರಣ, ನಮ್ಮ ಮೂಗು ಬೇಗ ಒಗ್ಗಿಕೊಳ್ಳುವುದು ಇನ್ನೊಂದು. ವಾಸನೆ ತಾನಾಗಿ ಹೋಯಿತೆಂದು ಎಷ್ಟೋ ಜನ ತಿಂಗಳುಗಟ್ಟಲೆ ಸುಮ್ಮನಿರುವುದು ಇದರಿಂದಲೇ. ಅಸ್ತಮಾ, ಅಲರ್ಜಿ ಇದ್ದವರು ಕಾರಿನಲ್ಲಿದ್ದರೆ ಆ ಮೊದಲ ನಿಮಿಷ ಕಿಟಕಿ ಇಳಿಸಿಕೊಳ್ಳುವುದು ಲೇಸು. ಸುಗಂಧದ ಡಬ್ಬಿಯಿಂದ ಅಂಥವರಿಗೆ ಮತ್ತಷ್ಟು ಕೆರಳಿಕೆಯಾಗಬಹುದು.

ಹಾಗಾದರೆ ಮಾಡಬೇಕಾದದ್ದೇನು? ಊರು ಮುಟ್ಟುವ ನಾಲ್ಕೈದು ನಿಮಿಷ ಮುಂಚೆ ಏಸಿಯ ಗುಂಡಿಯನ್ನಷ್ಟೇ ಆರಿಸಿ, ಫ್ಯಾನನ್ನು ಜೋರು ಮಾಡಿ, ಗಾಳಿಯ ಗುಂಡಿಯನ್ನು ಹೊರಗಾಳಿಗೆ ತಿರುಗಿಸಬೇಕು. ಕಂಪ್ರೆಸರ್ ನಿಂತ ಮೇಲೆ ಜಾಲರಿ ಬೆಚ್ಚಗಾಗುತ್ತದೆ, ಹಾಯುವ ಗಾಳಿ ಅದರ ಮೇಲಿನ ನೀರನ್ನು ಹೊತ್ತೊಯ್ಯುತ್ತದೆ. ತಾಪಮಾನವನ್ನು ತಾನೇ ನೋಡಿಕೊಳ್ಳುವ ಆಟೋಮ್ಯಾಟಿಕ್ ಏಸಿಯಲ್ಲಿ ಆಟೋ ಎಂಬುದನ್ನು ಬಿಟ್ಟು ಏಸಿ ಗುಂಡಿಯ ದೀಪ ಆರಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ನೆನಪಿಗೆ ಒಂದು ಗುರುತು ಇಟ್ಟುಕೊಂಡರೆ ಅಭ್ಯಾಸ ಬೇಗ ಆಗುತ್ತದೆ. ಘಟಪ್ರಭಾ ಕಡೆಯಿಂದ ಗೋಕಾಕಕ್ಕೆ ಬರುವವರಿಗೆ ಲೋಳಸೂರ ಸೇತುವೆ, ಮೂಡಲಗಿಯವರಿಗೆ ಗುರ್ಲಾಪುರ ಕ್ರಾಸ್, ಸಂಕೇಶ್ವರದ ಹೆದ್ದಾರಿ ಬಿಟ್ಟು ಹುಕ್ಕೇರಿಗೆ ಬರುವವರಿಗೆ ಊರಿನ ಮೊದಲ ಮನೆಗಳು. ಅಲ್ಲಿಗೆ ಬಂದಾಗ ಕೈ ತಾನಾಗಿ ಗುಂಡಿಗೆ ಹೋಗಬೇಕು.

ಮೇ ತಿಂಗಳ ಸೆಖೆಯಲ್ಲಿ ಐದು ನಿಮಿಷ ಏಸಿ ಇಲ್ಲದೆ ಕೂಡುವುದು ಹೇಗೆ ಎಂದು ಕೇಳುವವರಿದ್ದಾರೆ. ಮೇಲಿನ ಲೆಕ್ಕವೇ ಅದಕ್ಕೆ ಉತ್ತರ. ಒಣ ಸೆಖೆಯಲ್ಲಿ ಜಾಲರಿಯ ಮೇಲೆ ನೀರೇ ಕಡಿಮೆ, ಆಗ ಒಂದೆರಡು ನಿಮಿಷ ಮುಂಚೆ ಆರಿಸಿದರೂ ನಡೆಯುತ್ತದೆ. ಕಟ್ಟುನಿಟ್ಟು ಬೇಕಾದದ್ದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಆಗ ಹೊರಗೆ ಅಷ್ಟು ಸೆಖೆ ಇರುವುದಿಲ್ಲ. ಐದೇ ನಿಮಿಷದಲ್ಲಿ ಜಾಲರಿ ಪೂರ್ತಿ ಒಣಗುತ್ತದೆಯೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಒಣಗುವುದಿಲ್ಲ, ಅದರಲ್ಲೂ ಹೊರಗಾಳಿಯೇ ತೇವದಿಂದ ತುಂಬಿದ ದಿನ ಖಂಡಿತ ಒಣಗುವುದಿಲ್ಲ. ಆದರೆ ಮೇಲೆ ನಿಂತ ನೀರಿನ ದೊಡ್ಡ ಪಾಲು ಹೋಗುತ್ತದೆ, ಪದರ ಬೆಳೆಯುವ ವೇಗ ಕುಗ್ಗುತ್ತದೆ. ಉಳಿದದ್ದಕ್ಕೆ ವಾರಕ್ಕೊಮ್ಮೆ, ಮಳೆ ಬಿಡುವು ಕೊಟ್ಟ ಬಿಸಿಲಿನ ದಿನ, ಏಸಿ ಇಲ್ಲದೆ ಫ್ಯಾನು ಪೂರ್ತಿ ಇಟ್ಟು ಕಾಲು ಗಂಟೆ ಗಾಡಿ ಓಡಿಸಬೇಕು. ಕಾರು ನಿಂತ ಮೇಲೆ ಫ್ಯಾನನ್ನು ತಾನೇ ಕೆಲ ನಿಮಿಷ ಓಡಿಸಿ ಜಾಲರಿಯನ್ನು ಒಣಗಿಸುವ ವ್ಯವಸ್ಥೆಯನ್ನು ಕೆಲವು ತಯಾರಕರು ಅಳವಡಿಸಿರುವುದೂ ಇದೇ ತರ್ಕದ ಮೇಲೆ. ಆ ಸೌಲಭ್ಯವಿಲ್ಲದ ಗಾಡಿಯಲ್ಲಿ ಆ ಕೆಲಸ ನಮ್ಮ ಕೈಗೆ ಬೀಳುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಮಳೆ ಸುರಿಯುವಾಗ ಏಸಿ ಆರಿಸಿದರೆ ಜಾಲರಿಯ ನೀರು ಆವಿಯಾಗಿ ಕಾರಿನೊಳಗೇ ಬರುತ್ತದೆ, ಮುಂದಿನ ಗಾಜು ಕ್ಷಣದಲ್ಲಿ ಮಂಜುಗಟ್ಟುತ್ತದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ದೀಪವಿಲ್ಲದೆ ಬರುವ ರಸ್ತೆಯಲ್ಲಿ ಇದು ಜೀವಕ್ಕೇ ಅಪಾಯ. ಆದ್ದರಿಂದ ಗಾಳಿಯನ್ನು ಗಾಜಿನ ಕಡೆ ಬಿಡದೆ ಕಾಲಿನ ಕಡೆ ತಿರುಗಿಸಿ, ಹಿಂದಿನ ಕಿಟಕಿ ಎರಡು ಬೆರಳಷ್ಟು ಇಳಿಸಿ, ಆಮೇಲೆ ಏಸಿ ಆರಿಸಬೇಕು. ಜೋರು ಮಳೆಯ ರಾತ್ರಿಯಾದರೆ ಆರಿಸುವುದೇ ಬೇಡ. ವಾಸನೆಯನ್ನು ಮರುದಿನ ನೋಡಿಕೊಳ್ಳಬಹುದು. ಹೀಟರ್ ಹಾಕಿದರೆ ಜಾಲರಿ ಬೇಗ ಒಣಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅದು ಅರ್ಧ ನಿಜ. ಹೆಚ್ಚಿನ ಕಾರುಗಳಲ್ಲಿ ಗಾಳಿ ಮೊದಲು ಏಸಿಯ ಜಾಲರಿಯನ್ನು ದಾಟಿ ಆಮೇಲೆ ಹೀಟರಿಗೆ ಹೋಗುತ್ತದೆ. ಬಿಸಿಯಾಗುವುದು ಜಾಲರಿ ದಾಟಿದ ಗಾಳಿ. ಅದರಿಂದ ಮ್ಯಾಟು, ಸೀಟು ಒಣಗುತ್ತವೆ, ಜಾಲರಿಗೆ ನೇರ ಲಾಭ ಕಡಿಮೆ. ಇಂಜಿನ್ ಓಡಿಸಿ ಗಾಡಿಯನ್ನು ಒಣಗಿಸುವ ಯಾವ ಕೆಲಸವನ್ನೂ ಮುಚ್ಚಿದ ಶೆಡ್ಡಿನೊಳಗೆ ಮಾಡಕೂಡದು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಹೇಳದೆ ಕೊಲ್ಲುತ್ತದೆ.

ನಮ್ಮ ಕಡೆ ಹೊರಗಾಳಿಯ ಗುಂಡಿ ಒತ್ತುವುದೇ ತಪ್ಪು, ಹೊರಗೆ ಧೂಳು, ಕಾರ್ಖಾನೆಯ ಕಾಕಂಬಿ ವಾಸನೆ ಎಂಬ ವಾದ ಸುಳ್ಳಲ್ಲ. ಧೂಳೆಬ್ಬಿಸುವ ಟ್ರೇಲರ್ ಹಿಂದೆ ಸಿಕ್ಕಿಕೊಂಡಾಗ, ಕಾರ್ಖಾನೆಯ ಬದಿ ಹಾಯುವಾಗ ಒಳಗಾಳಿಯನ್ನೇ ಸುತ್ತಿಸುವುದು ಸರಿ. ಆದರೆ ಮನೆಯಿಂದ ಮನೆಯವರೆಗೂ ಅದನ್ನೇ ಇಟ್ಟರೆ ಎರಡು ತೊಂದರೆಗಳಿವೆ. ಐದು ಜನರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಒಳಗೇ ಕೂಡುತ್ತವೆ, ಚಾಲಕನಿಗೆ ಜೋಂಪು ಹತ್ತುತ್ತದೆ. ಎರಡನೆಯದು, ಒಳಗಾಳಿಯನ್ನು ಹೀರುವ ಬಾಯಿ ಹೆಚ್ಚಾಗಿ ಎಡ ಸೀಟಿನ ಕಾಲಿನ ಹತ್ತಿರ, ಗ್ಲೋವ್ ಬಾಕ್ಸಿನ ಕೆಳಗೆ ಇರುತ್ತದೆ. ಅಲ್ಲಿನ ಮ್ಯಾಟು ಹಸಿಯಾಗಿದ್ದರೆ, ಡಿಕ್ಕಿಯಲ್ಲಿ ಯೂರಿಯಾ ಚೀಲವೋ ಕೀಟನಾಶಕದ ಡಬ್ಬಿಯೋ ಹಾಲಿನ ಕ್ಯಾನೋ ಇದ್ದರೆ, ಆ ವಾಸನೆಯೆಲ್ಲ ನೇರ ಜಾಲರಿಗೆ ಹೋಗಿ ಮತ್ತೆ ಮುಖಕ್ಕೆ ಬರುತ್ತದೆ. ಕೀಟನಾಶಕವನ್ನಂತೂ ಜನ ಕೂಡುವ ಕಾರಿನಲ್ಲಿ ಒಯ್ಯಲೇಬಾರದು. ಅದು ವಾಸನೆಯ ಪ್ರಶ್ನೆಯಲ್ಲ, ವಿಷದ ಪ್ರಶ್ನೆ.

ಜಾಲರಿಯಿಂದ ಇಳಿದ ನೀರು ಕಾರಿನ ಕೆಳಗೆ ಹೋಗಲೆಂದು ಬೆರಳು ದಪ್ಪದ ಒಂದು ರಬ್ಬರ್ ಕೊಳವೆ ಇದೆ. ಮಳೆಗಾಲದಲ್ಲಿ ಏಸಿ ಹಚ್ಚಿ ಹದಿನೈದು ನಿಮಿಷ ನಿಂತ ಕಾರಿನ ಕೆಳಗೆ, ಎಡಗಡೆ, ನೀರು ತೊಟ್ಟಿಕ್ಕುತ್ತಿರಬೇಕು. ಅದನ್ನು ಕಂಡು ಗಾಬರಿಯಾಗುವವರಿದ್ದಾರೆ. ಗಾಬರಿಯಾಗಬೇಕಾದದ್ದು ನೀರು ಬೀಳದಿದ್ದಾಗ. ಕೆಸರು, ಎಲೆಯ ಚೂರು, ಕಣಜ ಕಟ್ಟಿದ ಮಣ್ಣಿನ ಗೂಡು ಆ ಕೊಳವೆಯನ್ನು ಮುಚ್ಚುತ್ತವೆ. ತಿರುವಿನಲ್ಲಿ ಡ್ಯಾಶ್‌ಬೋರ್ಡಿನೊಳಗೆ ನೀರು ಕುಲುಕಿದ ಸದ್ದು ಕೇಳಿದರೆ, ಎಡಗಡೆಯ ಮ್ಯಾಟಿನ ಕೆಳಗೆ ಹಸಿ ಕಂಡರೆ, ಕೊಳವೆ ಕಟ್ಟಿದೆ ಎಂದೇ ಅರ್ಥ. ಇದನ್ನು ಬಿಡಿಸುವುದು ಯಾವ ಗ್ಯಾರೇಜಿನಲ್ಲೂ ಕೆಲವೇ ನಿಮಿಷದ ಕೆಲಸ. ಇದನ್ನು ನೋಡದೆ ಜಾಲರಿ ತೊಳೆಸುವವರು ದುಡ್ಡನ್ನು ನೀರಿಗೆ ಹಾಕಿದಂತೆ.

ಫಿಲ್ಟರ್ ವಿಷಯಕ್ಕೆ ಬಂದರೆ, ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿದೆ, ಸ್ಕ್ರೂಡ್ರೈವರ್ ಕೂಡ ಬೇಡದೆ ತೆಗೆಯಬಹುದು. ಕೆಲವು ಹಳೆಯ, ಕಡಿಮೆ ಬೆಲೆಯ ಮಾದರಿಗಳಲ್ಲಿ ಫಿಲ್ಟರೇ ಇರುವುದಿಲ್ಲ. ಗಾಡಿಯ ಕೈಪಿಡಿ ಹೇಳುವ ಅಂತರ ಸಾಮಾನ್ಯ ರಸ್ತೆಗೆ ಬರೆದದ್ದು. ಧೂಳಿನ ರಸ್ತೆಗೆ ಅದರ ಅರ್ಧ ಎಂದು ಹಿಡಿಯಬೇಕು. ಇಲ್ಲಿ ದಿನಾಂಕಕ್ಕಿಂತ ಹಂಗಾಮು ಮುಖ್ಯ: ಕಬ್ಬಿನ ಸಾಗಾಟ ಮುಗಿದು, ಮೊದಲ ಮಳೆ ಬೀಳುವ ಮುನ್ನ, ಮೇ ಕೊನೆಯೊಳಗೆ ಹೊಸ ಫಿಲ್ಟರ್ ಬಿದ್ದಿರಬೇಕು. ಅದರ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕನ್ನೇ ತೋರುತ್ತಿರಲಿ. ತೊಳೆದು ಮತ್ತೆ ಹಾಕುವ ರೂಢಿ ನಮ್ಮಲ್ಲಿದೆ, ಅದು ಬೇಡ. ಕಾಗದ ಅಥವಾ ನಾರಿನ ಫಿಲ್ಟರ್ ನೀರು ಕಂಡರೆ ಸಣ್ಣ ಧೂಳು ಹಿಡಿಯುವ ಗುಣ ಕಳೆದುಕೊಳ್ಳುತ್ತದೆ, ಒಣಗದೆ ತಾನೇ ಬೂಷ್ಟಿನ ಮನೆಯಾಗುತ್ತದೆ. ಇದ್ದಿಲು ಬೆರೆತ ಫಿಲ್ಟರ್ ಹೊರಗಿನ ವಾಸನೆಯನ್ನು ಒಂದು ಮಟ್ಟಿಗೆ ತಡೆಯುತ್ತದೆ, ಕಾರ್ಖಾನೆಯ ಬದಿ ದಿನವೂ ಓಡಾಡುವವರಿಗೆ ಕೊಟ್ಟ ಹೆಚ್ಚಿನ ಹಣ ದಂಡವಲ್ಲ. ಆದರೆ ಫಿಲ್ಟರ್ ಇರುವುದು ಜಾಲರಿಗಿಂತ ಮುಂಚೆ. ಜಾಲರಿಯಲ್ಲೇ ಹುಟ್ಟಿದ ವಾಸನೆಯನ್ನು ಯಾವ ಇದ್ದಿಲೂ ಹಿಡಿಯದು.

ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಜಾಳಿಗೆಯಲ್ಲಿ ಹೊರಗಾಳಿ ಒಳಬರುತ್ತದೆ. ಬೇವು, ಹುಣಸೆಯ ಕೆಳಗೆ ನಿಲ್ಲುವ ಗಾಡಿಗಳಲ್ಲಿ ಅಲ್ಲಿ ಸಣ್ಣ ಎಲೆ ತುಂಬಿ ಕೊಳೆಯುತ್ತದೆ, ವಾರಕ್ಕೊಮ್ಮೆ ಕೈಯಾಡಿಸಿ ತೆಗೆಯಬೇಕು. ಅದೇ ದಾರಿ ಇಲಿಗಳದ್ದೂ ಹೌದು. ಕಬ್ಬು ಕಟಾವಾದ ಹೊಲದಿಂದ ಎದ್ದ ಇಲಿಗಳು ತೋಟದ ಮನೆಯ ಮುಂದೆ ನಿಂತ ಕಾರಿನ ಬೆಚ್ಚನೆಯ ಇಂಜಿನ್ ಹುಡುಕಿ ಬರುತ್ತವೆ, ಫಿಲ್ಟರ್ ಹರಿದು ಗೂಡು ಮಾಡುತ್ತವೆ, ಕೆಲವೊಮ್ಮೆ ಫ್ಯಾನಿನಲ್ಲಿ ಸಾಯುತ್ತವೆ. ಹೆಚ್ಚಿನ ಗಾಡಿಗಳಲ್ಲಿ ಒಳಗಾಳಿಯ ಗುಂಡಿ ಒತ್ತಿದರೆ ಹೊರಗಾಳಿಯ ಬಾಗಿಲು ಮುಚ್ಚುತ್ತದೆ, ಇಂಜಿನ್ ಆರಿಸಿದರೂ ಮುಚ್ಚಿಯೇ ಇರುತ್ತದೆ. ಆದ್ದರಿಂದ ಹೊಲದ ನಡುವೆ ಗಾಡಿ ನಿಲ್ಲಿಸುವವರು ಜಾಲರಿ ಒಣಗಿಸಿದ ಮೇಲೆ, ಕೀಲಿ ತಿರುಗಿಸುವ ಮುಂಚೆ, ಒಮ್ಮೆ ಆ ಗುಂಡಿ ಒತ್ತಲಿ. ಸತ್ತ ಇಲಿಯನ್ನೋ ಹಿಕ್ಕೆಯನ್ನೋ ತೆಗೆಯುವಾಗ ಕೈಗವಸು, ಮುಖಕ್ಕೆ ಮಾಸ್ಕ್ ಇರಲಿ. ಇಲಿಜ್ವರ ತರುವ ರೋಗಾಣು ಇಲಿಯ ಮೂತ್ರದಲ್ಲಿರುತ್ತದೆ.

ವಾಸನೆ ಈಗಾಗಲೇ ಬೇರೂರಿದ್ದರೆ ಒಣಗಿಸುವುದೊಂದೇ ಸಾಲದು, ಜಾಲರಿಯನ್ನು ತೊಳೆಯಬೇಕು. ಫಿಲ್ಟರ್ ತೆಗೆದು, ಫ್ಯಾನಿನ ಕಡೆಯಿಂದಲೋ ನೀರಿನ ಕೊಳವೆಯಿಂದಲೋ ಏಸಿ ಜಾಲರಿಗೆಂದೇ ಮಾಡಿದ ನೊರೆ ಬಿಟ್ಟು, ಹೇಳಿದಷ್ಟು ಹೊತ್ತು ಕಾದು, ಕೆಳಗಿನಿಂದ ಕೊಳೆ ಇಳಿದದ್ದನ್ನು ಕಣ್ಣಾರೆ ನೋಡಬೇಕು. ಕಿಟಕಿಯ ಹತ್ತಿರ ಸುಗಂಧದ ಹೊಗೆ ಬಿಟ್ಟು ಮುಗಿಯಿತೆನ್ನುವುದು ತೊಳೆಯುವುದಲ್ಲ. ಬ್ಲೀಚಿಂಗ್ ಪುಡಿಯ ನೀರು, ಶೌಚಾಲಯದ ಆಮ್ಲ ಇವುಗಳನ್ನು ಹಾಕಿದರೆ ತೆಳುವಾದ ಅಲ್ಯೂಮಿನಿಯಂ ತಿಂದುಹೋಗಿ ಗ್ಯಾಸ್ ಸೋರಲು ಶುರುವಾಗುತ್ತದೆ, ಆಗ ಜಾಲರಿಯನ್ನೇ ಬದಲಿಸಬೇಕು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಜಾಲರಿ ಹೊರತೆಗೆಯುವುದು ಕೊನೆಯ ದಾರಿ, ಧೂಳು ಕಂಬಳಿಯಂತೆ ಕಟ್ಟಿ ಗಾಳಿಯೇ ಬಾರದಿದ್ದಾಗ ಮಾತ್ರ. ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ವಾಸನೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಅನಿಲ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ, ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ, ನಾವು ಉಸಿರಾಡುವ ಗಾಳಿಗೆ ತಾಗುವುದೂ ಇಲ್ಲ. ತಂಪು ಕಡಿಮೆಯಾಗಿದ್ದರೆ ಮೊದಲು ಸೋರಿಕೆ ಹುಡುಕಬೇಕು. ಹೆಚ್ಚಾಗಿ ಬಳಕೆಯಲ್ಲಿರುವ ಆರ್-134ಎ ಅನಿಲ ವಾತಾವರಣ ಸೇರಿದರೆ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಕಾಯಿಸುತ್ತದೆ; ಕಾರಣವಿಲ್ಲದೆ ಅದನ್ನು ಹೊರಬಿಟ್ಟು ಮತ್ತೆ ತುಂಬುವುದು ಎಲ್ಲ ಲೆಕ್ಕದಲ್ಲೂ ನಷ್ಟ.

ಜಾಲರಿಯ ತಪ್ಪಿಲ್ಲದೆಯೂ ಏಸಿ ನಾರುವುದುಂಟು. ಗೋಕಾಕ ಜಲಪಾತ 52 ಮೀಟರ್ ಎತ್ತರದಿಂದ ಧುಮುಕುವಾಗಿನ ತುಂತುರಿನಲ್ಲಿ, ಗೊಡಚಿನಮಲ್ಕಿಯಲ್ಲಿ, ಹಿಡಕಲ್ ಅಣೆಕಟ್ಟಿನ ಬಳಿ ತೊಯ್ದ ಬಟ್ಟೆಯಲ್ಲೇ ಸೀಟಿಗೆ ಕೂತರೆ ಆ ನೀರು ಸ್ಪಂಜಿನೊಳಗೆ ಇಳಿಯುತ್ತದೆ. ಟವೆಲ್ ಹಾಸಿ ಕೂಡುವುದು, ಮನೆಗೆ ಬಂದು ಮ್ಯಾಟು ಹೊರಗೆ ಹಾಕುವುದು, ಇಷ್ಟು ಸಾಕು. ಹೊಳೆಯ ನೀರಿನಲ್ಲಿ ಮುಳುಗಿದ ಗಾಡಿಯ ಕಥೆ ಬೇರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಬೀದಿಗಳಿಗೆ ನುಗ್ಗಿದ್ದವು. ಅಂಥ ನೀರು ಹೊಕ್ಕ ಕಾರಿನ ಕಾರ್ಪೆಟ್ ಕೆಳಗಿನ ದಪ್ಪ ಸ್ಪಂಜು ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಸ್ಪಂಜು ಬದಲಿಸದೆ ಏಸಿ ಎಷ್ಟು ತೊಳೆದರೂ ಫಲವಿಲ್ಲ. ಹಳೆಯ ಕಾರು ಕೊಳ್ಳುವವರು ಇದನ್ನು ನೆನಪಿಡಬೇಕು: ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಮಣ್ಣಿನ ಗೆರೆ ಇದೆಯೇ ನೋಡಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರು, ತುಕ್ಕು ಹುಡುಕಿ. ಮಾರುವವರು ಹೊಸದಾಗಿ ಜೋರು ಸುಗಂಧ ಹೊಡೆದಿದ್ದರೆ ಕಿಟಕಿ ಮುಚ್ಚಿ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಆಮೇಲೆ ಒಳಗೆ ಕೂತು ನೋಡಿ.

ಕೊನೆಯದಾಗಿ, ಎಲ್ಲ ವಾಸನೆಯನ್ನೂ ಬೂಷ್ಟಿನ ಲೆಕ್ಕಕ್ಕೆ ಹಾಕಬೇಡಿ. ಸಿಹಿ ವಾಸನೆಯ ಜೊತೆ ಗಾಜಿನ ಒಳಬದಿಗೆ ಜಿಡ್ಡು ಕಟ್ಟುತ್ತಿದ್ದರೆ ಹೀಟರಿನಿಂದ ಕೂಲೆಂಟ್ ಸೋರುತ್ತಿದೆ, ಅದು ವಿಷ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಫ್ಯಾನಿನ ವೈರಿಂಗ್ ನೋಡಿಸಿ. ಪೆಟ್ರೋಲ್, ಸಿಎನ್‌ಜಿಯ ಕೊಳೆತಂಥ ಘಾಟು, ಸೈಲೆನ್ಸರ್ ಹೊಗೆ, ಈ ಮೂರರಲ್ಲಿ ಯಾವುದು ಏಸಿಯ ಕಿಂಡಿಯಿಂದ ಬಂದರೂ ಕಿಟಕಿ ಇಳಿಸಿ, ಗಾಡಿ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಎಲ್ಲರನ್ನೂ ಕೆಳಗಿಳಿಸಿ. ಮೆಕ್ಯಾನಿಕ್ ಬಂದು ನೋಡುವವರೆಗೆ ಆ ಗಾಡಿಯನ್ನು ಮತ್ತೆ ಚಾಲೂ ಮಾಡಬೇಡಿ.